ಕಡಸೋ ಹಸುವೋ, ಹೋರಿಯೋ ಎತ್ತೋ: ರಾಸು ಮಾರುವಾಗ ಏನಂತ ಬರೆಯಬೇಕು?

ಕೇಳಿದವರು, ಪಾಂಡವಪುರ ತಾಲ್ಲೂಕು:
ಕೊಟ್ಟಿಗೆ ಖಾಲಿ ಮಾಡ್ತಿದ್ದೀವಿ. ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು, ಅದರದ್ದೇ ದೊಡ್ಡ ಹೆಣ್ಣುಗರು, ಹಳ್ಳಿಕಾರ್ ತಳಿಯ ಒಂದು ಜೊತೆ, ಏಳು ಕುರಿ ಇವೆ. ‘ಹಸು, ಕರು, ಎತ್ತು, ಕುರಿ ಮಾರಾಟಕ್ಕಿವೆ, ಎಲ್ಲಾ ಚಿಕ್ಕ ವಯಸ್ಸು’ ಅಂತ ವಾಟ್ಸಾಪ್‌ನಲ್ಲಿ ಹಾಕಿದೆ. ಫೋನ್ ಮಾಡಿದೋರೆಲ್ಲ ಎಷ್ಟನೇ ಸೂಲು, ಎಷ್ಟು ಹಲ್ಲು, ಗಬ್ಬವಾ ಅಂತಾರೆ. ಸರಿಯಾಗಿ ಹೇಗೆ ಬರೆಯೋದು, ಗೊತ್ತಿರೋರು ತಿಳಿಸಿ.

ಮದ್ದೂರು ಕಡೆಯ ಹೈನುಗಾರರು:
ಅಣ್ಣ, ಮೊದಲು ಆ ದೊಡ್ಡ ಹೆಣ್ಣುಗರು. ಬೆದೆಗೆ ಬರೋ ವಯಸ್ಸಾಗಿ ಇನ್ನೂ ಈಯದೆ ಇದ್ದರೆ ಅದು ಕಡಸು; ಕೆಲವು ಊರಲ್ಲಿ ಪಡ್ಡೆ ಅಂತಾರೆ. ಕರು ಅಂತ ಬರೆದರೆ ಕರುವಿನ ರೇಟಿಗೇ ಕೇಳ್ತಾರೆ. ಮೊದಲನೇ ಸಲ ಗಬ್ಬ ಆಗಿದ್ದರೆ ‘ಗಬ್ಬದ ಕಡಸು’ ಅನ್ನಿ. ಈದ ಮೇಲಷ್ಟೇ ಹಸು.

ಸೂಲಿನ, ಅಂದರೆ ಎಷ್ಟು ಸಲ ಈದಿದೆ ಅನ್ನೋ ಲೆಕ್ಕದಲ್ಲೇ ಹೆಚ್ಚು ಜಗಳ ಆಗೋದು. ‘ಎರಡನೇ ಸೂಲು’ ಅಂದರೆ ಎರಡು ಸಲ ಈದಿದೆ ಅಂತ ಒಬ್ಬರು ತಿಳಿದರೆ, ಒಂದು ಸಲ ಈದು ಎರಡನೇದಕ್ಕೆ ಗಬ್ಬವಾಗಿದೆ ಅಂತ ಇನ್ನೊಬ್ಬರು ತಿಳೀತಾರೆ. ಆ ಮಾತನ್ನೇ ಬಿಟ್ಟು ‘ಒಂದು ಸಲ ಈದಿದೆ, ಈಗ ಐದು ತಿಂಗಳ ಗಬ್ಬ’ ಅಂತ ಬಿಡಿಸಿ ಬರೀರಿ.

ಗಬ್ಬ ಅನ್ನೋ ಮಾತನ್ನ ಯೋಚಿಸಿ ಬಳಸಿ. ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಿದ ಮಾತ್ರಕ್ಕೆ ಗಬ್ಬ ಅಲ್ಲ. 21 ದಿನಕ್ಕೆ ಮತ್ತೆ ಬೆದೆಗೆ ಬರಲಿಲ್ಲ ಅನ್ನೋದೂ ಸಾಕ್ಷಿ ಅಲ್ಲ. ಬೆದೆ ಕಾಣಿಸದೇ ಹೋಗಬಹುದು, ಕಟ್ಟಿದ ಗಬ್ಬ ಆಮೇಲೆ ಇಳಿಯಲೂಬಹುದು. ಎರಡೂವರೆ ಮೂರು ತಿಂಗಳಾದ ಮೇಲೆ ಡಾಕ್ಟರ್ ಕೈ ಹಾಕಿ ನೋಡಿ ಹೇಳಿದ್ದರೆ ಮಾತ್ರ ‘ಗಬ್ಬ’. ಅಲ್ಲಿವರೆಗೆ ‘ಇಂಥ ತಾರೀಖು ಸೂಜಿ ಹಾಕಿಸಿದೆ, ಪರೀಕ್ಷೆ ಆಗಿಲ್ಲ’ ಅಂತ ಬರೆದರೆ ಮುಂದೆ ತಕರಾರು ಬರಲ್ಲ. ಆ ತಾರೀಖು ಕೊಟ್ಟರೆ ಕೊಳ್ಳೋರು ಒಂಬತ್ತು ತಿಂಗಳು ಒಂಬತ್ತು ದಿನ ಸೇರಿಸಿ ಯಾವಾಗ ಈಯುತ್ತೆ ಅಂತ ತಾವೇ ಲೆಕ್ಕ ಹಾಕ್ಕೋತಾರೆ.

ಹಾಲು ಬರೆಯೋವಾಗ ಲೀಟರ್ ಒಂದೇ ಸಾಲದು. ‘ಹತ್ತು ಲೀಟರ್’ ಒಂದು ಹೊತ್ತಿಗೋ ಎರಡು ಹೊತ್ತಿಗೋ? ಈದು ಎಷ್ಟು ದಿನ ಆಯ್ತು? ಈದ ಒಂದೂವರೆ ಎರಡು ತಿಂಗಳಿಗೆ ಹಾಲು ಏರಿ ನಿಂತು, ಆಮೇಲೆ ಮೆಲ್ಲಗೆ ಇಳಿಯುತ್ತೆ. ಏಳನೇ ತಿಂಗಳಲ್ಲಿ ಹತ್ತು ಲೀಟರ್ ಕೊಡೋ ಹಸು, ಒಂದನೇ ತಿಂಗಳಲ್ಲಿ ಹತ್ತು ಕೊಡೋ ಹಸುವಿಗಿಂತ ಎಷ್ಟೋ ಮೇಲು. ಡೈರಿ ಪುಸ್ತಕದ ಕಳೆದ ಎರಡು ಮೂರು ತಿಂಗಳ ಪುಟದ ಫೋಟೊ ಹಾಕಿ, ಫ್ಯಾಟ್ ಸಮೇತ.

ಇನ್ನೊಂದು, ಹಾಲು ಬತ್ತಿದ ಹಸುವನ್ನ ಗೊಡ್ಡು ಅನ್ನಬೇಡಿ. ಈಯೋಕೆ ಎರಡು ತಿಂಗಳ ಮುಂಚೆ ಹಾಲು ಬತ್ತಿಸಲೇಬೇಕು, ಅದು ಒಳ್ಳೆ ಸಾಕಣೆ. ಗೊಡ್ಡು ಅಂದರೆ ಗಬ್ಬ ಕಟ್ಟದೇ ಇರೋದು. ಕೆಲವು ಮನೆಗಳಲ್ಲಿ ಎರಡಕ್ಕೂ ಅದೇ ಮಾತು ರೂಢಿ ಇದೆ, ಆದರೆ ಮಾರಾಟದಲ್ಲಿ ಅದರಿಂದ ನಿಮಗೇ ನಷ್ಟ. ಕೆಚ್ಚಲು ಬಾವು ಬಂದು ಒಂದು ಮೊಲೆ ಹೋಗಿದ್ದರೆ ‘ಮೂರು ಮೊಲೆ ಹಾಲು’ ಅಂತ ಮೊದಲೇ ಬರೀರಿ. ಕರೆದು ನೋಡಿದ ಎರಡೇ ನಿಮಿಷಕ್ಕೆ ಹೇಗೂ ಗೊತ್ತಾಗುತ್ತೆ.

ನಂಜನಗೂಡಿನ ಪಶುವೈದ್ಯರು:
ಮೇಲಿನವರು ಹೇಳಿದ್ದು ಸರಿ. ಕಡಸಿನ ಬಗ್ಗೆ ಒಂದು ಪ್ರಶ್ನೆ: ಅದು ಅವಳಿ ಹುಟ್ಟಿದ್ದಾ? ಗಂಡುಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಪಾಲು ಗಬ್ಬ ಕಟ್ಟೋದಿಲ್ಲ. ತಾಯಿಯ ಹೊಟ್ಟೆಯಲ್ಲಿ ಎರಡರ ರಕ್ತನಾಳ ಕೂಡಿಕೊಂಡು ಹೆಣ್ಣಿನ ಗರ್ಭಕೋಶ ಸರಿಯಾಗಿ ಬೆಳೆಯದಿರುವುದೇ ಕಾರಣ. ಹೊರಗಿಂದ ನೋಡಿದರೆ ಏನೂ ತಿಳಿಯೋದಿಲ್ಲ. ಅಂಥದ್ದನ್ನು ಕಡಸು ಅಂತ ಮಾರಿದರೆ ಕೊಂಡವರು ವರ್ಷಗಟ್ಟಲೆ ಮೇವು ಹಾಕಿ ಕಾಯುತ್ತಾರೆ, ಹಾಗೆ ಮಾಡಬೇಡಿ.

ಕಿವಿಯೋಲೆಯ (ಕಿವಿಗೆ ಹಾಕಿರುವ ಗುರುತಿನ ಬಿಲ್ಲೆ) 12 ಅಂಕಿ ಬರೆದಿಟ್ಟುಕೊಳ್ಳಿ. ‘ಎಲ್ಲಾ ಲಸಿಕೆ ಆಗಿದೆ’ ಅಂತ ಬರೆಯದೆ ಕಾಲುಬಾಯಿ ಜ್ವರ, ಚರ್ಮಗಂಟು ರೋಗ ಎಂದು ಹೆಸರು ಹೇಳಿ, ಹಾಕಿಸಿದ ತಿಂಗಳು ಹಾಕಿ.

ಕೆ.ಆರ್. ಪೇಟೆಯಿಂದ, ಜಾತ್ರೆಗಳಲ್ಲಿ ಹಳ್ಳಿಕಾರ್ ಕಟ್ಟುವವರು:
ಜೊತೆ ಬಗ್ಗೆ ಹೇಳ್ತೀನಿ. ಬೀಜ ಒಡೆಸಿದ್ದರೆ ಎತ್ತು, ಒಡೆಸದಿದ್ದರೆ ಹೋರಿ. ಹಸುಗಳಿಗೆ ಬಿಡೋಕೆ ಅಂತಲೇ ಸಾಕಿದ್ದು ಬೀಜದ ಹೋರಿ. ಹೇಮಗಿರಿ ಜಾತ್ರೆಯಲ್ಲಾಗಲಿ ಚುಂಚನಕಟ್ಟೆ ಜಾತ್ರೆಯಲ್ಲಾಗಲಿ ಕೊಳ್ಳೋಕೆ ಬಂದೋರು ಮೊದಲು ಇದನ್ನ ನೋಡಿ ಆಮೇಲೆ ಬಾಯಿ ಬಿಡಿಸ್ತಾರೆ. ಒಂದು ಹೋರಿ, ಒಂದು ಎತ್ತು ಇದ್ದರೆ ಅದನ್ನೂ ಹೇಳಿ.

ರಾಸಿನ ವಯಸ್ಸು ಹಲ್ಲಿನ ಮೇಲೆ. ನೋಡಬೇಕಾದ್ದು ಕೆಳದವಡೆಯ ಮುಂದಿನ ಎಂಟು ಹಲ್ಲು ಮಾತ್ರ. ಮೇಲ್ದವಡೆ ಮುಂದೆ ಹಲ್ಲೇ ಇರಲ್ಲ, ಹೊಸಬರು ಅದನ್ನ ನೋಡಿ ಹಲ್ಲು ಉದುರಿದೆ ಅಂತ ಗಾಬರಿ ಆಗ್ತಾರೆ. ಎಲ್ಲ ಸಣ್ಣವಿದ್ದರೆ ಹಾಲುಹಲ್ಲು. ನಡುವೆ ಎರಡು ಅಗಲವಾದ ಹಲ್ಲು ಬಂದರೆ ಎರಡು ಹಲ್ಲು, ಅಂದರೆ ಎರಡು, ಎರಡೂವರೆ ವರ್ಷ. ನಾಲ್ಕು ಹಲ್ಲಿಗೆ ಸುಮಾರು ಮೂರು, ಆರು ಹಲ್ಲಿಗೆ ಮೂರೂವರೆ, ಎಂಟೂ ಬಂದರೆ ಬಾಯ್ಗೂಡಿದೆ ಅಂತೀವಿ, ನಾಲ್ಕು ದಾಟಿರುತ್ತೆ. ಆಮೇಲೆ ಸವೆತ ನೋಡಿಯೇ ಅಂದಾಜು ಮಾಡಬೇಕು. ಕೊಂಬಿನ ಬಳೆ ಎಣಿಸೋ ಪದ್ಧತಿ ಇದೆ, ಆದರೆ ನಮ್ಮ ಕಡೆ ಕೊಂಬು ಹೆರೆದು ಎಣ್ಣೆ ಹಚ್ಚೋದರಿಂದ ಅದನ್ನ ನಂಬೋಕಾಗಲ್ಲ. ‘ಚಿಕ್ಕ ವಯಸ್ಸು’ ತೆಗೆದು ಹಲ್ಲು ಬರೀರಿ, ಬಾಯಿ ಬಿಡಿಸಿದ ಫೋಟೊ ಹಾಕಿ.

ಗೇಯ್ಮೆ ಯಾವುದು ಅಂತಲೂ ಹೇಳಿ: ನೇಗಿಲಾ, ಗಾಡಿನಾ, ಎರಡೂನಾ, ಇನ್ನೂ ಪಳಗಿಲ್ಲವಾ? ಯಾವುದು ನೊಗದ ಎಡಕ್ಕೆ, ಯಾವುದು ಬಲಕ್ಕೆ ಅಂತ ಬರೆದರೆ ಗೇಯೋ ರೈತ ನಿಮ್ಮನ್ನ ನಂಬ್ತಾನೆ. ಮೈಮೇಲಿನ ಕೂದಲಿನ ಸುಳಿ ಶುದ್ಧ ಇದ್ದರೆ ಬರೀರಿ. ನಂಬೋದು ಬಿಡೋದು ಅವರಿಗೆ ಬಿಟ್ಟದ್ದು, ಆದರೆ ಕೇಳದೆ ಇರೋರು ಕಮ್ಮಿ.

ಮಳವಳ್ಳಿ ಕಡೆಯ ಕುರಿ ಸಾಕಣೆದಾರರು:
‘ಏಳು ಕುರಿ’ ಅಂದರೆ ಏನೂ ಗೊತ್ತಾಗಲ್ಲ ಸರ್. ಹೆಣ್ಣು ಎಷ್ಟು, ಟಗರು ಎಷ್ಟು, ಮರಿ ಎಷ್ಟು ಅಂತ ಬಿಡಿಸಿ. ಮರಿಗೆ ತಿಂಗಳು ಹೇಳಿ. ದೊಡ್ಡದಕ್ಕೆ ಹಲ್ಲು ಹೇಳಬಹುದು, ಆದರೆ ರಾಸಿನ ಲೆಕ್ಕ ಇದಕ್ಕೆ ಹಾಕಬೇಡಿ: ಕುರಿ, ಮೇಕೆಗೆ ಒಂದರಿಂದ ಒಂದೂವರೆ ವರ್ಷಕ್ಕೇ ಎರಡು ಹಲ್ಲು. ಗಬ್ಬ ಐದು ತಿಂಗಳು.

ಬಂಡೂರು ಅನ್ನೋ ಹೆಸರು ಸುಮ್ಮನೆ ಹಾಕಬೇಡಿ. ಈ ತಳಿ ನಮ್ಮ ತಾಲ್ಲೂಕಿನ ಬಂಡೂರಿಂದಲೇ ಬಂದದ್ದು, ಬನ್ನೂರು ಅಂದರೂ ಮಂಡ್ಯ ಕುರಿ ಅಂದರೂ ಅದೇ. ಗಿಡ್ಡ ಕಾಲು, ತುಂಬಿದ ಮೈ, ಬಿಳಿ ಮೈಗೆ ಮುಖದಲ್ಲಿ ತೆಳು ಕಂದು, ಟಗರಿಗೂ ಕೊಂಬಿಲ್ಲ. ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ತಲೆಕೆಳಗಾದ ಲಾಳದ ಆಕಾರ ಕಾಣಬೇಕು. ಕಾಲು ಉದ್ದ ಇದ್ದರೆ, ಕೊಂಬು ಮೂಡಿದ್ದರೆ ‘ಬಂಡೂರು ಮಿಶ್ರ’ ಅಂತ ಬರೀರಿ. ಶುದ್ಧ ತಳಿ ಕಮ್ಮಿ ಆಗ್ತಿರೋ ಹೊತ್ತಲ್ಲಿ ಮಿಶ್ರ ಟಗರನ್ನ ಬೀಜಕ್ಕೆ ಅಂತ ಮಾರಿದರೆ ಇನ್ನೊಬ್ಬರ ಮಂದೆಯೇ ಕೆಡುತ್ತೆ.

ತೂಕ ಹೇಳಿದರೆ ಜೀವಂತ ತೂಕವಾ, ಮಾಂಸವಾ ಅಂತ ಸೇರಿಸಿ. ಮಾಂಸ ಬೀಳೋದು ಹೆಚ್ಚುಕಮ್ಮಿ ಅರ್ಧ. ತಕ್ಕಡಿ ಇಲ್ಲದಿದ್ದರೆ ಟೇಪ್ ಹಿಡೀರಿ. ಮುಂಗಾಲಿನ ಹಿಂದೆ ಎದೆಸುತ್ತು, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆವರೆಗೆ ಉದ್ದ, ಎರಡೂ ಇಂಚಿನಲ್ಲಿ. ಸುತ್ತನ್ನ ಸುತ್ತಿನಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆಜಿ ಅಂದಾಜು ಸಿಗುತ್ತೆ. 28 ಇಂಚು ಸುತ್ತು, 26 ಉದ್ದ ಇದ್ದರೆ ಸುಮಾರು 31 ಕೆಜಿ. ಉಣ್ಣೆ ಮೇಲೆ ಟೇಪ್ ಸಡಿಲ ಬಿಟ್ಟರೆ ಲೆಕ್ಕ ಏರಿಬಿಡುತ್ತೆ, ಒತ್ತಿ ಹಿಡೀರಿ.

ಮೈಸೂರಿನಿಂದ ಒಬ್ಬರು:
ಹಸು, ಕಡಸು, ಹಳ್ಳಿಕಾರ್ ಜೊತೆ, ಈ ಮೂರಕ್ಕೂ ‘ಸಾಕಣೆಗೆ ಮಾತ್ರ’ ಅಂತ ಸೇರಿಸಿ. 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಪ್ರಕಾರ ಹಸು, ಕರು, ಹೋರಿ, ಎತ್ತು, 13 ವರ್ಷದೊಳಗಿನ ಎಮ್ಮೆ-ಕೋಣ ಕಡಿಯುವಂತಿಲ್ಲ. ಕಡಿಯಲೆಂದು ಮಾರುವುದೂ ಅಪರಾಧ. ಕೊಂಡವರ ಹೆಸರು, ಊರು, ಕಿವಿಯೋಲೆ ನಂಬರ್ ಹಾಕಿ ಚೀಟಿ ಬರೆಸಿಕೊಳ್ಳಿ.

ಮದ್ದೂರು ಕಡೆಯವರು ಮತ್ತೆ:
ಹಸುವಿಗೆ ಒಂದು ಮಾದರಿ, ಅಂಕಿಗಳನ್ನ ನಿಮ್ಮದಕ್ಕೆ ಬದಲಾಯಿಸಿಕೊಳ್ಳಿ: ‘ಎಚ್‌ಎಫ್ ಮಿಶ್ರತಳಿ ಹಸು. ಆರು ಹಲ್ಲು. ಎರಡು ಸಲ ಈದಿದೆ, ಈದು ಐದು ತಿಂಗಳು. ಎರಡೂ ಹೊತ್ತು ಸೇರಿ ಈಗ 12 ಲೀಟರ್, ಡೈರಿ ಪುಸ್ತಕ ಇದೆ. ಮೂರು ತಿಂಗಳ ಗಬ್ಬ, ಡಾಕ್ಟರ್ ನೋಡಿದ್ದಾರೆ. ನಾಲ್ಕೂ ಮೊಲೆ ಸರಿ ಇವೆ. ಕಾಲುಬಾಯಿ ಲಸಿಕೆ ಇಂಥ ತಿಂಗಳಲ್ಲಿ ಆಗಿದೆ. ಸಾಕಣೆಗೆ ಮಾತ್ರ.’

ಫೋಟೊಗೆ ಕೆಚ್ಚಲು ದೊಡ್ಡದಾಗಿ ಕಾಣಲಿ ಅಂತ ಒಂದು ಹೊತ್ತು ಕರೆಯದೆ ಬಿಡಬೇಡಿ. ಹಸುವಿಗೆ ನೋವು, ಕೆಚ್ಚಲು ಬಾವು ಬರೋಕೂ ದಾರಿ. ಕೊಳ್ಳೋರನ್ನ ಸಂಜೆ ಕರಾವಿಗೆ ಕರೀರಿ, ಮಾರನೇ ಬೆಳಿಗ್ಗೆ ಇನ್ನೊಂದು ಸಲ ಅವರೇ ಕರೆದು ಅಳೀಲಿ, ಆಮೇಲೆ ಅಡ್ವಾನ್ಸ್ ಮಾತಾಡಿ.