ಸಹಾಯ ಬೇಕು: ಈಜುಕೊಳದಲ್ಲಿ ಸ್ಟೆಬಿಲೈಸರ್ ಜಾಸ್ತಿಯಾಗಿದೆ, ಇಳಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟದ ಪಕ್ಕ. ಮಕ್ಕಳಿಗೆ ಅಂತ 40,000 ಲೀಟರಿನ ಸಣ್ಣ ಈಜುಕೊಳ ಕಟ್ಟಿಸಿದ್ದೇವೆ. ಎರಡು ವಾರದಿಂದ ಗೋಡೆಯೆಲ್ಲ ಹಸಿರು, ಕೈ ಇಟ್ಟರೆ ಲೋಳೆ ಲೋಳೆ. ಕ್ಲೋರಿನ್ ನೋಡಿದರೆ 3 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 3 ಪಾಲು) ಇದೆ!

ನಿನ್ನೆ ಸ್ಟೆಬಿಲೈಸರ್, ಅದೇ ಸಯನ್ಯೂರಿಕ್ ಆಸಿಡ್, ಪರೀಕ್ಷೆ ಮಾಡಿದೆ. ಇದು ಬಿಸಿಲಿಗೆ ಕ್ಲೋರಿನ್ ಹಾಳಾಗದ ಹಾಗೆ ಕಾಯುತ್ತೆ, ಆದರೆ ಜಾಸ್ತಿಯಾದರೆ ಕ್ಲೋರಿನ್ ಇದ್ದೂ ಸರಿಯಾಗಿ ಕೆಲಸ ಮಾಡಲ್ಲ. ದ್ರಾವಣ ಬೆರೆಸಿದ ಕೂಡಲೇ ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಯ್ತು. ಕೊಳವೆಗೆ ಹೊಯ್ದರೆ 100ರ ಗೆರೆ ಮುಟ್ಟುವ ಮೊದಲೇ ತಳದ ಕಪ್ಪು ಚುಕ್ಕೆ ಮಾಯ, ಅಂದರೆ 100 ಪಿಪಿಎಂಗಿಂತ ಜಾಸ್ತಿ. ಅರ್ಧಕ್ಕರ್ಧ ಬಾವಿ ನೀರು ಸೇರಿಸಿ ಮತ್ತೆ ನೋಡಿದಾಗ 60. ಅಂದರೆ 120! ಇರಬೇಕಾದ್ದು 30ರಿಂದ 50.

ತಪ್ಪು ನಂದೇ. ಸುಲಭ ಅಂತ ವರ್ಷವಿಡೀ ಟ್ರೈಕ್ಲೋರ್ ಮಾತ್ರೆಯನ್ನೇ ಹಾಕಿದೆ. ಅದರಿಂದ 10 ಪಿಪಿಎಂ ಕ್ಲೋರಿನ್ ಸೇರಿದರೆ ಜೊತೆಗೆ ಸುಮಾರು 6 ಪಿಪಿಎಂ ಸ್ಟೆಬಿಲೈಸರೂ ಸೇರುತ್ತೆ. ಕ್ಲೋರಿನ್ ಖರ್ಚಾಗುತ್ತೆ, ಇದು ಹಾಗೇ ಉಳಿಯುತ್ತೆ. ಸಾಲದ್ದಕ್ಕೆ ಮಳೆಗಾಲವೆಲ್ಲ ಟಾರ್ಪಾಲು ಹೊದಿಸಿದ್ದೆ. ಮಲೆನಾಡಿನ ಮಳೆ ಸ್ಟೆಬಿಲೈಸರನ್ನು ಪುಕ್ಕಟೆ ತೆಳು ಮಾಡಿಕೊಡುತ್ತಿತ್ತು, ಅಲ್ವಾ?

ಮೂರರಲ್ಲಿ ಎರಡು ಪಾಲು ನೀರು ಬದಲಿಸಿದರೆ 40ಕ್ಕೆ ಇಳಿಯುತ್ತೆ. ಆದರೆ ನೆಲ ಇನ್ನೂ ಜವುಗು, ಬಾವಿ ಕೈಗೆಟುಕುವಷ್ಟು ತುಂಬಿದೆ. ಒಮ್ಮೆಲೇ ಖಾಲಿ ಮಾಡಿದರೆ ಅಡಿಯ ನೀರು ಕೊಳದ ತಳವನ್ನೇ ಎತ್ತಿಬಿಟ್ಟರೆ? ಮೂರನೇ ಒಂದು ಪಾಲಿನಂತೆ ಮೂರು ಸಲ ಬದಲಿಸಿದರೂ 36ರ ಹತ್ತಿರ ಬರುತ್ತೆ. ಹಾಗೆ ಮಾಡಿದವರು ಯಾರಾದರೂ ಇದ್ದೀರಾ? ನಡುವೆ ಎಷ್ಟು ದಿನ ಬಿಟ್ಟಿರಿ? ತೆಗೆದ ನೀರನ್ನು ಎಲ್ಲಿಗೆ ಬಿಡೋದು? ತೋಟಕ್ಕೆ ಅಂದರೆ ಅಪ್ಪಯ್ಯ ಸುತಾರಾಂ ಒಪ್ಪುತ್ತಿಲ್ಲ.

ಇನ್ನು ಮುಂದೆ ಸ್ಟೆಬಿಲೈಸರ್ ಇಲ್ಲದ ಲಿಕ್ವಿಡ್ ಕ್ಲೋರಿನ್ ಹಾಕೋಣ ಅಂತಿದ್ದೇನೆ. ಶಿವಮೊಗ್ಗದಲ್ಲಿ ಹಳೇ ಸ್ಟಾಕ್ ಅಲ್ಲದ್ದು ಎಲ್ಲಿ ಸಿಗುತ್ತೆ, ತಿಳಿಸಿ.