ಮೊಬೈಲ್‌ನಲ್ಲಿ ನಾಟಕದ ವಿಡಿಯೊ ಓಡುತ್ತದೆ, ದನಿ ಮಾತ್ರ ಇಲ್ಲ

ಗುಬ್ಬಿ ಹುಡುಗ: ನಮ್ಮೂರಲ್ಲಿ 12 ವರ್ಷದ ಹಿಂದೆ ಆಡಿದ ಪೌರಾಣಿಕ ನಾಟಕದ ವಿಡಿಯೊ ಸಿಕ್ಕಿದೆ. ಹ್ಯಾಂಡಿಕ್ಯಾಮ್‌ನಲ್ಲಿ ಹಿಡಿದಿದ್ದು. ನಮ್ಮಪ್ಪ ದುರ್ಯೋಧನನ ಪಾತ್ರ ಮಾಡಿದ್ದರು. ಈಗ ಅವರಿಗೆ ಗಂಟಲು ಹೋಗಿದೆ, ಹಾಡಲು ಆಗುವುದಿಲ್ಲ. ಒಂದು ಸಲ ಕೇಳಿಸೋಣ ಅಂತ ಮೊಬೈಲ್‌ಗೆ ಹಾಕಿದೆ. ಚಿತ್ರ ಬರುತ್ತದೆ, ದನಿ ಇಲ್ಲ. ಈ ಆಡಿಯೊ ನಡೆಯುವುದಿಲ್ಲ ಅಂತ ಕೆಳಗೆ ಒಂದು ಸಾಲು ಬಂದು ಹೋಗುತ್ತದೆ. ಎರಡು ಪ್ಲೇಯರ್ ಹಾಕಿ ನೋಡಿದೆ, ಎರಡೂ ಅಷ್ಟೇ. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಏನು ಮಾಡಲಿ?

ಕೋಲಾರದ ಕಿಟ್ಟಿ: ಫೈಲ್ ಹೆಸರು ಎಂಟಿಎಸ್ ಅಂತ ಮುಗಿಯುತ್ತದಾ? ಹಾಗಿದ್ದರೆ ಅದು ಎವಿಸಿಎಚ್‌ಡಿ. 2006ರಲ್ಲಿ ಸೋನಿ, ಪ್ಯಾನಾಸೋನಿಕ್ ಸೇರಿ ತಂದ, ಕ್ಯಾಮೆರಾದಲ್ಲಿ ವಿಡಿಯೊ ಉಳಿಸುವ ಪದ್ಧತಿ. ಚಿತ್ರವನ್ನು ಕುಗ್ಗಿಸಿ ಇಟ್ಟಿರುವುದು ಎಚ್.264 ಅನ್ನುವ ಬಗೆಯಲ್ಲಿ, ಅದು ಹೆಚ್ಚಿನ ಫೋನುಗಳಲ್ಲಿ ಓಡುತ್ತದೆ. ದನಿ ಮಾತ್ರ ಡಾಲ್ಬಿ ಕಂಪನಿಯ ಎಸಿ3 ಅನ್ನುವ ಬಗೆ. ಆಂಡ್ರಾಯ್ಡ್ ಫೋನ್ ಅಂದಮೇಲೆ ಎಸಿ3 ನಡೆಸುವ ಸೌಲಭ್ಯ ಇರಲೇಬೇಕು ಅಂತ ನಿಯಮ ಇಲ್ಲ. ಫೋನ್ ಮಾಡಿದವರು ಹಾಕಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಷ್ಟೋ ಪ್ಲೇಯರ್‌ಗಳು ಫೋನಿನಲ್ಲಿ ಏನಿದೆಯೋ ಅದನ್ನೇ ನಂಬಿಕೊಂಡಿರುತ್ತವೆ. ವಿಎಲ್‌ಸಿ ಅನ್ನುವ ಪ್ಲೇಯರ್ ಹಾಕಿ. ಅದು ಕುಗ್ಗಿಸಿದ ದನಿಯನ್ನು ಬಿಡಿಸುವ ತನ್ನದೇ ಡಿಕೋಡರ್ ಇಟ್ಟುಕೊಂಡಿದೆ.

ಚಿಂತಾಮಣಿ ಮೇಷ್ಟ್ರು: "ನಿಯಮ ಇಲ್ಲ" ಅಂತ ಎಷ್ಟು ಸುಲಭವಾಗಿ ಹೇಳಿಬಿಟ್ಟಿರಿ ಕಿಟ್ಟಿಯವರೇ. ಎಸಿ3 ಪೇಟೆಂಟ್ 2017ರ ಮಾರ್ಚ್‌ನಲ್ಲೇ ಮುಗಿಯಿತು. ಆಮೇಲೂ ಹಾಕದಿದ್ದರೆ ಅದು ಸೋಮಾರಿತನ ಅಲ್ವಾ? ಹಳ್ಳಿ ಜನರ ಹತ್ತಿರ ಇರುವುದೇ ಒಂದು ಫೋನ್.

ಕೋಲಾರದ ಕಿಟ್ಟಿ: ಮುಗಿದದ್ದು ಎಸಿ3ದು. ಇಎಸಿ3, ಡಿಟಿಎಸ್ ಅನ್ನುವ ದನಿಯ ಬಗೆಗಳು ಬೇರೆ. ಲೈಸೆನ್ಸ್ ತಲೆನೋವು ಬೇಡ ಅಂತ ಎಲ್ಲವನ್ನೂ ಒಟ್ಟಿಗೇ ಬಿಡುವವರಿದ್ದಾರೆ. ಅದಕ್ಕೆ ಸೋಮಾರಿತನ ಅನ್ನಬೇಡಿ.

ಮಧುಗಿರಿ ಬೆಟ್ಟ: ವಿಎಲ್‌ಸಿ ಹಾಕಿ ಅನ್ನುತ್ತೀರಲ್ಲ, ಅದು ನಮ್ಮ ಸರ್ಕಾರ ಬ್ಯಾನ್ ಮಾಡಿದ ಆಪ್. 2022ರಲ್ಲೇ ಸುದ್ದಿ ಬಂದಿತ್ತು. ಚೈನಾದವರದ್ದು. ಅಪ್ಪನ ವಿಡಿಯೊ ನೋಡಲು ಹೋಗಿ ಬ್ಯಾಂಕ್ ಖಾತೆ ಖಾಲಿ ಮಾಡಿಕೊಳ್ಳಬೇಡ ತಮ್ಮಾ.

ಕೋಲಾರದ ಕಿಟ್ಟಿ: ಚೈನಾದ್ದಾ? 1996ರಲ್ಲಿ ಪ್ಯಾರಿಸ್‌ನ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಶುರು ಮಾಡಿದ್ದು ಅದು. ಈಗ ನೋಡಿಕೊಳ್ಳುತ್ತಿರುವುದು ವಿಡಿಯೊಲ್ಯಾನ್ ಅನ್ನುವ ಫ್ರೆಂಚ್ ಸಂಸ್ಥೆ, ಲಾಭಕ್ಕೆ ನಡೆಸುವುದಲ್ಲ. ತಡೆದಿದ್ದು ಅವರ ವೆಬ್‌ಸೈಟನ್ನು, ಆಪ್ ಅನ್ನು ಅಲ್ಲ. ಪ್ಲೇ ಸ್ಟೋರ್‌ನಲ್ಲಿ ಆಗಲೂ ಸಿಗುತ್ತಿತ್ತು. ಅದೇ ನವೆಂಬರ್‌ನಲ್ಲಿ ತಡೆಯನ್ನೂ ತೆಗೆದರು.

ಮಧುಗಿರಿ ಬೆಟ್ಟ: "ತಡೆದಿದ್ದು" ಅಂತ ನಿಮ್ಮ ಬಾಯಲ್ಲೇ ಬಂತಲ್ಲ. ಸುಮ್ನೆ ಯಾರಾದರೂ ತಡೆಯುತ್ತಾರಾ?

ತಿಪಟೂರು ಕಲ್ಪವೃಕ್ಷ: ಯಾಕೆ ತಡೆದದ್ದು ಅಂತ ನಾನು ಹೇಳುತ್ತೇನೆ. ಕಂಪ್ಯೂಟರ್ ಭದ್ರತೆ ನೋಡುವ ಸಿಮ್ಯಾಂಟೆಕ್ ಕಂಪನಿಯವರು ವರದಿ ಕೊಟ್ಟಿದ್ದರು. ಚೈನಾದ ಹ್ಯಾಕರ್‌ಗಳು ವಿಎಲ್‌ಸಿಯನ್ನೇ ಬಳಸಿಕೊಂಡು ಕಂಪ್ಯೂಟರ್‌ಗೆ ನುಗ್ಗುತ್ತಿದ್ದರು ಅಂತ ಅದರಲ್ಲಿದೆ.

ಕೋಲಾರದ ಕಿಟ್ಟಿ: ಆ ವರದಿ ಬಂದಿದ್ದು 2022ರ ಏಪ್ರಿಲ್‌ನಲ್ಲಿ. ವೆಬ್‌ಸೈಟ್ ಫೆಬ್ರವರಿಯಿಂದಲೇ ತೆರೆಯುತ್ತಿರಲಿಲ್ಲ. ಕರು ಹುಟ್ಟಿದ ಮೇಲೆ ಹಸು ಗಬ್ಬ ಆಯಿತು ಅಂದಂಗಾಯಿತು. ಅದೂ ಅಲ್ಲದೆ ಅದು ವಿಂಡೋಸ್ ಕಂಪ್ಯೂಟರ್‌ನ ಮಾತು. ಒಳ್ಳೆಯ ಪ್ರೋಗ್ರಾಮ್ ಪಕ್ಕದಲ್ಲಿ ಕೆಟ್ಟ ಫೈಲ್ ಇಟ್ಟು ಓಡಿಸಿದ್ದರು. ಕಳ್ಳ ನಿಮ್ಮ ಏಣಿ ತೆಗೆದುಕೊಂಡು ಪಕ್ಕದ ಮನೆ ಹತ್ತಿದರೆ ಏಣಿ ಮಾಡಿದ ಬಡಗಿಯನ್ನು ಹಿಡಿದು ಹಾಕುತ್ತೀರಾ?

ಮಧುಗಿರಿ ಬೆಟ್ಟ: ಏಣಿಯನ್ನು ಬೀದಿಯಲ್ಲಿ ಬಿಟ್ಟಿದ್ದು ಯಾರ ತಪ್ಪು? ಅದನ್ನು ಹೇಳಿ ಮೊದಲು.

ತಿಪಟೂರು ಕಲ್ಪವೃಕ್ಷ: ಕಿಟ್ಟಿಯವರೇ, ಕರು, ಹಸು ಎಲ್ಲ ಬೇಡ. ವರದಿ ಸುಳ್ಳಾ ನಿಜವಾ, ಒಂದೇ ಮಾತಲ್ಲಿ ಹೇಳಿ.

ಕೋಲಾರದ ಕಿಟ್ಟಿ: ವರದಿ ನಿಜ. ಅದರಿಂದಲೇ ತಡೆದರು ಅನ್ನುವುದಕ್ಕೆ ಆಧಾರ ತೋರಿಸಿ. ವಿಡಿಯೊಲ್ಯಾನ್‌ನವರು ಕಾರಣ ಕೇಳಿ ಕಾನೂನು ನೋಟಿಸ್ ಕೊಟ್ಟ ಮೇಲೆ ತಡೆ ಹೋಯಿತು. ಅಷ್ಟು ಅಪಾಯ ಇದ್ದಿದ್ದರೆ ತೆಗೆಯುತ್ತಿದ್ದರಾ?

ಮಧುಗಿರಿ ಬೆಟ್ಟ: ಕೋರ್ಟು ನೋಟಿಸ್ ಅಂದರೆ ಎಲ್ಲರೂ ಹಿಂದೆ ಸರಿಯುತ್ತಾರೆ. ಅದಕ್ಕೆ ಒಳ್ಳೆಯದು ಅಂತ ಅರ್ಥ ಅಲ್ಲ. ನನ್ನ ಫೋನಿನಲ್ಲಿ ಅದಕ್ಕೆ ಜಾಗ ಇಲ್ಲ.

ಚಿಂತಾಮಣಿ ಮೇಷ್ಟ್ರು: ಆ ಹುಡುಗ ಕೇಳಿದ್ದು ದನಿ ಬಗ್ಗೆ. ಅವನಪ್ಪ ಮಾತಿಲ್ಲದೆ ಕೂತಿದ್ದಾರೆ, ನೀವು ಪ್ಯಾರಿಸ್ಸು, ಚೈನಾ ಅಂತ ಸುತ್ತುತ್ತಿದ್ದೀರಿ. ಸ್ವಲ್ಪ ನಾಚಿಕೆ ಇರಲಿ.

ಮಧುಗಿರಿ ಬೆಟ್ಟ: ನಾಚಿಕೆ ಯಾಕೆ ಮೇಷ್ಟ್ರೇ? ನಮ್ಮ ಮಾವನಿಗೆ ಯಾವುದೋ ಆಪ್ ಹಾಕಿಸಿ ₹18,000 ಹೊಡೆದರು. ಎರಡು ತಿಂಗಳ ಹಾಲಿನ ದುಡ್ಡು ಅದು. ನಾನು ಹೆದರಿ ಹೇಳುತ್ತಿಲ್ಲ, ಕಂಡು ಹೇಳುತ್ತಿದ್ದೇನೆ.

ಕೋಲಾರದ ಕಿಟ್ಟಿ: "ಯಾವುದೋ ಆಪ್" ಅಂತ ನೀವೇ ಬರೆದಿದ್ದೀರಿ. ಅದು ವಿಎಲ್‌ಸಿ ಅಲ್ಲ ತಾನೇ? ಮತ್ತೆ?

ಗುಬ್ಬಿ ಹುಡುಗ: ಅಣ್ಣಂದಿರೇ, ಜಗಳ ಬೇಡ. ವಿಎಲ್‌ಸಿ ಹಾಕಿದೆ. ದನಿ ಬಂತು! ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಆದರೆ ಭೀಮ ಗದೆ ಬೀಸುವಾಗ ಚಿತ್ರದಲ್ಲಿ ಬಾಚಣಿಗೆ ಹಲ್ಲಿನಂತೆ ಗೆರೆ ಗೆರೆ ಬರುತ್ತದೆ. ಬ್ಲೂಟೂತ್ ಸ್ಪೀಕರ್ ಹಾಕಿದರೆ ಹಾರ್ಮೋನಿಯಂ ಮೇಷ್ಟ್ರ ಬೆರಳು ಮುಂದೆ, ಸ್ವರ ಹಿಂದೆ. ಅರ್ಧ ಗಂಟೆಗೊಮ್ಮೆ ನಿಂತೂ ಹೋಗುತ್ತದೆ. ಅಪ್ಪನ ಕಂದಪದ್ಯ ನಡುವೆಯೇ ತುಂಡಾಯಿತು.

ಕೋಲಾರದ ಕಿಟ್ಟಿ: ಗೆರೆ ಬರುವುದು ಅದು 1080ಐ ಆಗಿರುವುದಕ್ಕೆ. ಒಂದು ಚಿತ್ರವನ್ನು ಎರಡು ಅರ್ಧ ಮಾಡಿ ಹಿಡಿದಿರುತ್ತದೆ, ಹಳೇ ಟಿವಿಗೆ ಸರಿ. ಆ ಎರಡನ್ನು ಸೇರಿಸುವ ಕೆಲಸ ಫೋನಿಗೆ ಕೊಟ್ಟರೆ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಸ್ವರ ಹಿಂದೆ ಬೀಳುವುದು ಬ್ಲೂಟೂತ್‌ನಿಂದ. ವಿಎಲ್‌ಸಿಯಲ್ಲಿ ಆಡಿಯೊ ಡಿಲೇ ಅಂತ ಇದೆ, ಅದರಲ್ಲಿ ಹೊಂದಿಸಿಕೊಳ್ಳಿ, ಇಲ್ಲವಾದರೆ ವೈರ್ ಹಾಕಿ. ಇನ್ನು ತುಂಡಾಗುವುದು. ಕ್ಯಾಮೆರಾ ಕಾರ್ಡ್ ಫ್ಯಾಟ್32 ಅನ್ನುವ ಹಳೇ ಫೈಲ್ ವ್ಯವಸ್ಥೆಯದ್ದಾಗಿದ್ದರೆ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. ಕ್ಯಾಮೆರಾ ಸೆಕೆಂಡಿಗೆ 17 ಮೆಗಾಬಿಟ್ ಬರೆದರೆ ಗಂಟೆಗೆ ಹತ್ತಿರ ಹತ್ತಿರ 7.5 ಜಿಬಿ. ಅರ್ಧ ಗಂಟೆಗೆ ಒಂದು ಫೈಲ್ ತುಂಬಿತು ನೋಡಿ. ಪ್ಲೇಯರ್ ಒಂದು ಮುಚ್ಚಿ ಇನ್ನೊಂದು ತೆರೆಯುವಾಗ ಆ ತುಂಡು.

ತಿಪಟೂರು ಕಲ್ಪವೃಕ್ಷ: "ಫೋನ್ ಬಿಸಿಯಾಗುತ್ತದೆ" ಅಂದಿರಲ್ಲ, ಅಷ್ಟೇ ಸಾಕು. ಫೋನಿಗೆ ಇಡೀ ರಾತ್ರಿ ನಾಟಕ ಹೊರುವ ಶಕ್ತಿ ಇಲ್ಲ. ಕಂಪ್ಯೂಟರ್‌ನಲ್ಲಿ ಕನ್ವರ್ಟ್ ಮಾಡಿಸಿ ಎಂಪಿ4 ಮಾಡಿಕೋ ತಮ್ಮಾ, ಸಣ್ಣದಾಗಿ 5 ಜಿಬಿಗೆ ಇಳಿಸಿಬಿಡು.

ಚಿಂತಾಮಣಿ ಮೇಷ್ಟ್ರು: ಇಳಿಸಿಬಿಡು? ಏಳೂವರೆ ಗಂಟೆ ನಾಟಕ ಅಂದರೆ 56 ಜಿಬಿ, ಅದನ್ನು 5ಕ್ಕೆ ಹಿಂಡಿದರೆ ಮುಖದ ಬಣ್ಣ, ಕಿರೀಟದ ಕೆಲಸ ಎಲ್ಲ ಕಲಸಿಹೋಗುತ್ತದೆ. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಊರು ಗುಬ್ಬಿ, ಅಲ್ಲಿನವನಿಗೆ ಇಂಥ ಸಲಹೆ ಕೊಡುತ್ತೀರಾ? ಚಿತ್ರ ಮುಟ್ಟಬೇಡ ಮಗಾ. ಆಡಿಯೊ ಒಂದನ್ನು ಫೋನಿನಲ್ಲಿ ನಡೆಯುವ ಎಎಸಿ ಬಗೆಗೆ ಬದಲಾಯಿಸಿ, ಫೈಲ್‌ಗಳನ್ನು ಜೋಡಿಸು. ಮೂಲ ಫೈಲ್ ಎರಡು ಕಡೆ ಇಟ್ಟಿರು.

ತಿಪಟೂರು ಕಲ್ಪವೃಕ್ಷ: ಆರು ಇಂಚಿನ ಪರದೆಯಲ್ಲಿ ಕಿರೀಟದ ಕೆಲಸ ಯಾರಿಗೆ ಕಾಣುತ್ತದೆ ಮೇಷ್ಟ್ರೇ? ನೀವು ಫೋನಿನಲ್ಲೇ ಆಗಬೇಕು ಅನ್ನುತ್ತೀರಿ, ಫೋನಿನ ಅಳತೆಗೆ ತಂದರೆ ಬೇಡ ಅನ್ನುತ್ತೀರಿ.

ಚಿಂತಾಮಣಿ ಮೇಷ್ಟ್ರು: ನಾಳೆ ಅವನ ಮಕ್ಕಳು ದೊಡ್ಡ ಟಿವಿಯಲ್ಲಿ ನೋಡುತ್ತಾರೆ.

ಕೋಲಾರದ ಕಿಟ್ಟಿ: ಜೋಡಿಸುವಾಗ ಒಂದು ನೆನಪಿರಲಿ. ಜೋಡಿಸಿದ ಮೇಲೆ ಫೈಲ್ 4 ಜಿಬಿಗಿಂತ ಜಾಸ್ತಿ ಆಗುತ್ತದೆ, ಫ್ಯಾಟ್32 ಕಾರ್ಡಿಗೆ ಹೋಗುವುದಿಲ್ಲ. ದೊಡ್ಡ ಫೈಲ್ ಹಿಡಿಯುವ ಎಕ್ಸ್‌ಫ್ಯಾಟ್ ಕಾರ್ಡ್ ಬೇಕು. 64 ಜಿಬಿ ಮತ್ತು ಅದಕ್ಕಿಂತ ದೊಡ್ಡವು ಸಾಮಾನ್ಯವಾಗಿ ಹಾಗೇ ಬರುತ್ತವೆ.

ಮಧುಗಿರಿ ಬೆಟ್ಟ: ಕೆಲಸ ಮುಗಿದ ಮೇಲೆ ಆ ಆಪ್ ತೆಗೆದುಬಿಡು.

ಕೋಲಾರದ ಕಿಟ್ಟಿ: ಮತ್ತೆ ಶುರುವಾಯಿತಾ!

ಗುಬ್ಬಿ ಹುಡುಗ: ಆಪ್ ತೆಗೆಯುವುದಿಲ್ಲ ಅಣ್ಣ. ಅಪ್ಪ ಬೆಳಗ್ಗೆಯಿಂದ ಮೂರು ಸಲ ಕೇಳಿದ್ದಾರೆ. ತುಂಡಾಗುವ ಜಾಗಕ್ಕೆ ಬಂದಾಗ ಬಿಟ್ಟ ಸಾಲನ್ನು ಪಿಸುದನಿಯಲ್ಲಿ ಅವರೇ ಹೇಳುತ್ತಾರೆ.