ತುರ್ತು: ‘ಸ್ಯಾಂಕ್ಟಿಫಿಕೇಶನ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಸಣ್ಣ ಪುಸ್ತಿಕೆ ಅನುವಾದ ಮಾಡುತ್ತಿದ್ದೇನೆ, ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಕ್ರೈಸ್ತರು ನಂಬಿಕೆಗೆ ಬಂದ ಮೇಲೂ ಬದುಕಿಡೀ ಪಾಪದ ಜೊತೆ ಗುದ್ದಾಡುತ್ತಾ, ಬಿದ್ದು ಎದ್ದು ಬೆಳೆಯುತ್ತಾ ಹೋಗುತ್ತಾರಲ್ಲ, ಅದಕ್ಕೊಂದು ಪದ ಬೇಕು. ‘ಶುದ್ಧೀಕರಣ’ ಅಂತ ಬರೆದೆ. ಓದಿದವರೊಬ್ಬರು ‘ಏನಿದು, ಕುಡಿಯುವ ನೀರಿನ ಘಟಕವಾ?’ ಅಂದರು. ಇನ್ನೊಂದು ತೊಡಕು ‘ನೀತಿ’, ಅಂದರೆ ದೇವರ ಮುಂದೆ ಸರಿಯಾಗಿರುವುದು. ಬೈಬಲ್ ಓದುವವರಿಗೆ ಸರಿ. ಉಳಿದವರಿಗೆ ನೀತಿ ಅಂದರೆ ಸರ್ಕಾರದ ನೀತಿ, ಇಲ್ಲಾ ಕಥೆಯ ಕೊನೆಯ ನೀತಿ. ‘ನೀತಿಯಲ್ಲಿ ಬೆಳೆಯುವುದು’ ಅಂದರೆ ಅರ್ಥ ಆಗುತ್ತಾ?

---

> ‘ಶುದ್ಧೀಕರಣ’ ಅಂತ ಬರೆದೆ

ಹೊಡೆದುಹಾಕಿ. ‘ಪವಿತ್ರೀಕರಣ’ ಅಂತ ಆಗಲೇ ಇದೆ, ಹೊಸದು ಯಾಕೆ? ಯಾವ ಕ್ರೈಸ್ತ ಪಂಗಡದ ಪುಸ್ತಿಕೆ ಅಂತಲೂ ಹೇಳಿಲ್ಲ. ಪ್ರೊಟೆಸ್ಟಂಟರಲ್ಲಿ ‘ನೀತಿವಂತ’ ಅನ್ನುವ ದೇವರ ತೀರ್ಪು ಒಂದೇ ಸಲ, ಬೆಳೆಯುವುದು ಆಮೇಲೆ. ಕ್ಯಾಥೊಲಿಕರು ಎರಡನ್ನೂ ಹಾಗೆ ಬಿಡಿಸಿ ಇಡುವುದಿಲ್ಲ.

---

ಎಲ್ಲದಕ್ಕೂ ‘-ಈಕರಣ’ ಅಂಟಿಸುವ ಚಾಳಿ ಯಾವಾಗ ಹೋಗುತ್ತದೋ. ಬೈಬಲಿನ ಗ್ರೀಕಿನಲ್ಲಿ ‘ಪವಿತ್ರ’ಕ್ಕಿರುವ ‘ಹಗಿಯೋಸ್’ ಅಂದರೆ ದೇವರಿಗೆ ಅಂತ ಬೇರೆ ತೆಗೆದಿಟ್ಟದ್ದು. ಅದಕ್ಕೆ ನಮ್ಮಲ್ಲೇ ‘ಮೀಸಲು’ ಇದೆ! ಇನ್ನು ಪಾಪ, ಗ್ರೀಕಿನಲ್ಲಿ ‘ಹಮಾರ್ತಿಯಾ’. ‘ಹಮಾರ್ತಿಯಾ’ದ ಬೇರು ಗುರಿ ತಪ್ಪುವುದು. ಕನ್ನಡದ ‘ತಪ್ಪು’ ಕೂಡ ಅದೇ ಅಲ್ವಾ? ಬಾಣದ ಗುರಿಯೂ ತಪ್ಪುತ್ತದೆ, ದಾರಿಯೂ ತಪ್ಪುತ್ತದೆ, ಮನುಷ್ಯನೂ ತಪ್ಪುತ್ತಾನೆ. ಇಷ್ಟು ಚೆಂದದ ಪದ ಬಿಟ್ಟು ಸಂಸ್ಕೃತದ ಮನೆಗೆ ಸಾಲಕ್ಕೆ ಹೋಗುವುದು ಯಾಕೆ?

---

> ‘ಹಮಾರ್ತಿಯಾ’ದ ಬೇರು ಗುರಿ ತಪ್ಪುವುದು

ಬೇರು ಅಗೆದರೆ ಅರ್ಥ ಸಿಗುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಪೌಲನು ಪಾಪ ತನ್ನೊಳಗೆ ಮನೆ ಮಾಡಿಕೊಂಡಿದೆ ಅನ್ನುತ್ತಾನೆ. ಅಲ್ಲಿ ‘ನನ್ನೊಳಗೆ ತಪ್ಪು ವಾಸವಾಗಿದೆ’ ಅಂತ ಹಾಕಿ ನೋಡಿ, ಪ್ರೂಫ್ ನೋಡಿಲ್ಲ ಅಂದುಕೊಳ್ಳುತ್ತಾರೆ. ‘ಮೀಸಲು’ ಇನ್ನೂ ಚೆನ್ನಾಗಿದೆ, ಮೀಸಲಾತಿ ಕೈಪಿಡಿ ಅಂತ ಜಾಸ್ತಿ ಮಾರಾಟ ಆಗಬಹುದು.

‘-ಈಕರಣ’ ಇಲ್ಲಿ ಸುಮ್ನೆ ಬಂದಿಲ್ಲ. ಅದರಲ್ಲಿ ಮಾಡುವವನು ಬೇರೆ, ಆಗುವವನು ಬೇರೆ. ಪೌಲನೇ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ 2:12 ಶ್ರಮಪಡಿ ಅನ್ನುತ್ತದೆ, 13ನೇ ವಚನ ನಿಮ್ಮೊಳಗೆ ಕೆಲಸ ಮಾಡುವವನು ದೇವರು ಅನ್ನುತ್ತದೆ. ‘ಪವಿತ್ರವಾಗುವುದು’ ಅಂದರೆ ಆ ಮಾಡುವವನೇ ಮಾಯ.

---

ಹಾಗಾದರೆ ‘ಪಾದ್ರಿ’, ‘ಇಗರ್ಜಿ’ (ಚರ್ಚು) ಯಾರ ಮನೆಯವು? ಪೋರ್ಚುಗೀಸರಿಂದ ಬಂದವು, ‘ಚಾವಿ’ಯ ಹಾಗೆ. ಸಾಲವಾದರೂ ಬಾಯಿಗೆ ಒಗ್ಗಿದವು. ‘ಪವಿತ್ರೀಕರಣ’ ಯಾವ ಅಜ್ಜಿಯ ಬಾಯಲ್ಲಿ ಕೇಳಿದ್ದೀರಿ?

---

ಅಜ್ಜಿಯರು ವಾಕ್ಯದಲ್ಲಿ ಮಾತಾಡುತ್ತಾರೆ ಸ್ವಾಮಿ, ಪಾರಿಭಾಷಿಕದಲ್ಲಿ ಅಲ್ಲ.

---

ಪದ ಕೇಳಿದವನು ನಾನು, ಇನ್ನೂ ಇಲ್ಲೇ ಇದ್ದೇನೆ! ಒಳಗಡೆ ‘ಪವಿತ್ರೀಕರಣ’ವೇ ಇರಲಿ, ಮೊದಲ ಸಲ ಬಂದಾಗ ಬಿಡಿಸಿ ಹೇಳುತ್ತೇನೆ. ‘ನೀತಿ’ ಬಂದ ಕಡೆ ‘ದೇವರು ಮೆಚ್ಚುವ ನಡೆ’ ಅಂತ ಒಮ್ಮೆ ಸೇರಿಸುತ್ತೇನೆ, ಕೊಂಚ ಉದ್ದ, ಆದರೂ ಸರಿ. ಮುಖಪುಟಕ್ಕೆ ‘ಪಾಪದೊಡನೆ ಸೆಣಸು’. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಮೊದಲು ಓಟ, ನಾಲ್ಕನೇ ವಚನದಲ್ಲಿ ರಕ್ತ ಸುರಿಯುವಷ್ಟು ಹೋರಾಟ, ಆ ಗ್ರೀಕ್ ಮಾತೂ ಸ್ಪರ್ಧೆಯ ಕಣದ್ದೇ. ‘ಸೆಣಸು’ ಅಲ್ಲಿಗೆ ಕೂರುತ್ತದೆ. ಣಕಾರ ತಾನೆ?

---

ಣ. ಆದರೆ ‘ಪಾಪದೊಡನೆ’ ಅಂದರೆ ಪಾಪವನ್ನು ಜೊತೆಗೆ ಕರೆದುಕೊಂಡು ಹೋದ ಹಾಗೆ. ‘ಪಾಪದೆದುರು’ ಮಾಡಿ.